ಆರು ಕಡೆ ಅಳೆದರೂ ಸಾಲದಾಗ

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯ ತಳ ಹೇಗಿದೆ ಅಂತ ತಿಳಿಯಬೇಕು ಎಂದುಕೊಳ್ಳಿ. ದೋಣಿಯಲ್ಲಿ ಹೋಗಿ, ಹಗ್ಗಕ್ಕೆ ಭಾರದ ಗುಂಡು ಕಟ್ಟಿ ಇಳಿಬಿಟ್ಟು ಆಳ ನೋಡಬಹುದು. ಕೆಲವೇ ಕಡೆ ಅಳೆದು, ಉಳಿದ ಜಾಗದ ಆಳವನ್ನು ಒಂದು ಸೂತ್ರದಿಂದ ಅಂದಾಜು ಮಾಡಬೇಕು.

ದೋಣಿ ಒಂದೇ ನೇರ ಗೆರೆಯಲ್ಲಿ ಸಾಗಿದರೆ ತಾಪತ್ರಯವಿಲ್ಲ. ಸೂತ್ರಕ್ಕೆ ಎರಡನೇ ಘಾತದ ಬಹುಪದೋಕ್ತಿಯನ್ನು (ax² + bx + c ಥರದ್ದು) ಆರಿಸಿದರೆ ಅದರಲ್ಲಿ ಮೂರು ಸಹಗುಣಕ. ಬೇರೆ ಬೇರೆ ಮೂರು ಕಡೆ ಅಳೆದರೆ ಸೂತ್ರ ಒಂದೇ ಒಂದು ಸಿಗುತ್ತದೆ, ಎಲ್ಲೇ ಅಳೆದಿರಲಿ.

ಅಗಲವನ್ನೂ ಲೆಕ್ಕಕ್ಕೆ ತಂದರೆ ಸಹಗುಣಕ ಆರು. ಆರು ಕಡೆ ಅಳೆದರೆ ಸಾಕಲ್ವಾ? ಎಲ್ಲ ಸಲವೂ ಸಾಕಾಗದು. ಒಂದು ವೃತ್ತದ ಮೇಲೆ ಸುತ್ತು ಹಾಕುತ್ತ ಆರು ಕಡೆ ಗುಂಡು ಬಿಟ್ಟಿರಿ, ಆರೂ ಕಡೆ ಐದು ಮಾರು ಸಿಕ್ಕಿತು. ಎಲ್ಲೆಡೆ ಐದು ಮಾರು ಎನ್ನುವ ಸೂತ್ರ ಇದಕ್ಕೆ ಹೊಂದುತ್ತದೆ. ನಡುವೆ ಮರಳು ದಿಬ್ಬವಿದೆ, ಅಲ್ಲಿ ಎರಡೇ ಮಾರು ಎನ್ನುವ ಸೂತ್ರವೂ ಹೊಂದುತ್ತದೆ. ಗುಂಡಿಯಿದೆ, ಎಂಟು ಮಾರು ಎನ್ನುವುದೂ ಹೊಂದುತ್ತದೆ! ವೃತ್ತದ ಸಮೀಕರಣವೇ ಎರಡನೇ ಘಾತದ್ದು, ವೃತ್ತದ ಮೇಲೆಲ್ಲ ಅದರ ಬೆಲೆ ಸೊನ್ನೆ. ಅದನ್ನು ಎಷ್ಟು ಪಟ್ಟು ಮಾಡಿ ಸೇರಿಸಿದರೂ ಆ ಆರು ಅಳತೆಗಳಿಗೆ ಗೊತ್ತೇ ಆಗುವುದಿಲ್ಲ. ಆರರಲ್ಲಿ ಒಂದನ್ನು ವೃತ್ತದ ನಟ್ಟನಡುವೆ ಅಳೆದಿದ್ದರೆ ಸೂತ್ರ ಒಂದಕ್ಕೇ ನಿಲ್ಲುತ್ತಿತ್ತು.

ದೀರ್ಘವೃತ್ತ, ಪರವಲಯ, ಜೋಡಿ ಗೆರೆ, ಯಾವುದೇ ಎರಡನೇ ಘಾತದ ರೇಖೆಯ ಮೇಲೆ ಆರೂ ಬಿಂದು ಕೂತರೆ ಇದೇ ಪಾಡು. ಕೂರದಿದ್ದರೆ ತೊಂದರೆಯಿಲ್ಲ. ಹೀಗೆ ಅಳತೆಯ ಪ್ರಶ್ನೆ ಹೋಗಿ, ಈ ಬಿಂದುಗಳ ಮೂಲಕ ಯಾವ ರೇಖೆ ಹಾಯುತ್ತದೆ ಎಂಬ ಪ್ರಶ್ನೆ ಬಂತು. ಅದು ಸಮೀಕರಣಗಳ ಮೂಲಕ ಆಕಾರಗಳನ್ನು ನೋಡುವ ಬೀಜಗಣಿತೀಯ ಜ್ಯಾಮಿತಿಯ ಪ್ರಶ್ನೆ.

ಬಹುಪದೋಕ್ತಿ ಬಿಟ್ಟು, ಜಿಗಿತವಿಲ್ಲದ ಬೇರೆ ಆರು ಫಲನ ಆರಿಸಿದರೆ? 1956ರಲ್ಲಿ ಮೈರ್‌ಹ್ಯೂಬರ್, 1959ರಲ್ಲಿ ಕರ್ಟಿಸ್ ಎಂಬ ಗಣಿತಜ್ಞರು ಆ ದಾರಿಯನ್ನೂ ಮುಚ್ಚಿದರು: ಯಾವ ಆರು ಫಲನ ಆರಿಸಿದರೂ ಕೈಕೊಡುವ ಜಾಗಗಳು ಇದ್ದೇ ಇರುತ್ತವೆ. ಅದರ ವಾದ ನನಗೆ ತುಂಬ ಇಷ್ಟ. ಒಂದೊಂದು ಅಳತೆಯ ಜಾಗಕ್ಕೆ ಒಂದೊಂದು ಸಾಲಿನಂತೆ ಆರು ಫಲನಗಳ ಬೆಲೆ ಬರೆದು ಆ ಚೌಕದಿಂದ ಒಂದು ಸಂಖ್ಯೆ, ಅಂದರೆ ನಿರ್ಧಾರಕ, ಲೆಕ್ಕ ಹಾಕುತ್ತಾರೆ; ಅದು ಸೊನ್ನೆಯಾಗದಿದ್ದರೆ ಮಾತ್ರ ಸೂತ್ರ ಒಂದೇ ಒಂದು ಸಿಗುತ್ತದೆ. ಈಗ ಅಳೆಯುವ ಎರಡು ದೋಣಿಗಳು ಢಿಕ್ಕಿಯಾಗದೆ ಜಾಗ ಅದಲುಬದಲು ಮಾಡಿಕೊಳ್ಳಲಿ. ನಿರ್ಧಾರಕದ ಎರಡು ಸಾಲು ಅದಲುಬದಲಾಗಿ ಅದರ ಚಿಹ್ನೆ ತಿರುಗುತ್ತದೆ. ಪ್ಲಸ್‌ನಿಂದ ಮೈನಸ್‌ಗೆ ಹೋಗುವಾಗ ದಾರಿಯಲ್ಲೆಲ್ಲೋ ಸೊನ್ನೆ ದಾಟಲೇಬೇಕು. ಅಲ್ಲಿ ಸೂತ್ರ ಕೈಕೊಡುತ್ತದೆ. ಒಂದೇ ಗೆರೆಯ ಮೇಲಾದರೆ ದೋಣಿಗಳು ಒಂದನ್ನೊಂದು ದಾಟಲಾರವು, ಅದಕ್ಕೇ ಅಲ್ಲಿ ಈ ತೊಡಕಿಲ್ಲ.

ಆಳದ ಜೊತೆ ಉದ್ದ, ಅಗಲ ಎರಡೂ ದಿಕ್ಕಿನಲ್ಲಿ ತಳದ ಇಳಿಜಾರನ್ನೂ ಅಳೆದರೆ ಒಂದು ಜಾಗದಿಂದ ಮೂರು ಮಾಹಿತಿ, ಎರಡು ಜಾಗದಿಂದ ಆರು. ಆದರೂ ಸಾಲದು, ಎಲ್ಲೇ ಅಳೆಯಿರಿ. ಎರಡೂ ಬಿಂದು ಸೇರಿಸುವ ಗೆರೆಯ ಸಮೀಕರಣದ ವರ್ಗ ಅಲ್ಲಿ ಆಳದಲ್ಲೂ ಇಳಿಜಾರಲ್ಲೂ ಸೊನ್ನೆ. ನಾಲ್ಕನೇ ಘಾತಕ್ಕೆ 15 ಸಹಗುಣಕ, ಐದು ಜಾಗದಿಂದ 15 ಮಾಹಿತಿ. ಐದು ಬಿಂದುಗಳ ಮೂಲಕ ಹಾಯುವ ಎರಡನೇ ಘಾತದ ರೇಖೆಯ ವರ್ಗ ಅಲ್ಲೂ ಕೆಲಸ ಕೆಡಿಸುತ್ತದೆ. ಇಂಥ ಲೆಕ್ಕ ಯಾವಾಗ ತಪ್ಪುತ್ತದೆ ಎಂಬುದಕ್ಕೆ 1995ರಲ್ಲಿ ಗಣಿತಜ್ಞರಾದ ಅಲೆಕ್ಸಾಂಡರ್ ಮತ್ತು ಹಿರ್ಶೋವಿಟ್ಜ್ ಚರಾಕ್ಷರಗಳು ಎಷ್ಟಿದ್ದರೂ ಒಪ್ಪುವ ಪೂರ್ತಿ ಉತ್ತರ ಕೊಟ್ಟರು. ಚರಾಕ್ಷರ ಎರಡೇ ಇದ್ದು, ಬಿಂದುಗಳನ್ನು ಸುಮ್ನೆ ಎಲ್ಲೆಂದರಲ್ಲಿ ಆರಿಸಿದರೆ, ಲೆಕ್ಕ ತಪ್ಪುವುದು ಈ ಎರಡೇ ಸಂದರ್ಭದಲ್ಲಿ.