ನಿಲ್ಲೋದನ್ನ ಕಲಿಸಿದ್ದು ರೇಸ್ ಕಾರು

ಆಗುಂಬೆ ಘಾಟಿ ಇಳಿದವರಿಗೆಲ್ಲ ಆ ವಾಸನೆ ಗೊತ್ತಿರುತ್ತದೆ. 14 ಹೇರ್‌ಪಿನ್ ತಿರುವು ಮುಗಿಸಿ ಸೋಮೇಶ್ವರದ ಹತ್ತಿರ ಗಾಡಿ ನಿಲ್ಲಿಸಿ ಇಳಿದರೆ ಮುಂದಿನ ಚಕ್ರದ ಕಡೆಯಿಂದ ಏನೋ ಸುಟ್ಟ ಘಾಟು. ಟಯರ್ ಇರಬೇಕು ಅಂದುಕೊಳ್ಳುತ್ತಾರೆ ಜನ. ಸುಡುತ್ತಿರುವುದು ಬ್ರೇಕ್ ಪ್ಯಾಡು.

ಸುಡದೆ ಇನ್ನೇನು ಮಾಡೀತು? ಲೆಕ್ಕ ಹಾಕಿ ನೋಡಿ. ಸಣ್ಣ ಕಾರು, ನಾಲ್ಕು ಜನ, ಡಿಕ್ಕಿಯಲ್ಲಿ ಒಂದಷ್ಟು ಸಾಮಾನು, ಎಲ್ಲ ಸೇರಿ 1300 ಕೆಜಿ ಅಂತ ಇಟ್ಟುಕೊಳ್ಳಿ. ಅದು 100 ಮೀಟರ್ ಎತ್ತರ ಇಳಿದಾಗ ಬಿಟ್ಟುಕೊಡುವ ಶಕ್ತಿಯಲ್ಲಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಘಾಟಿಯ ಇಳಿತ ಅದರ ನಾಲ್ಕೈದು ಪಟ್ಟು. ಅಂದರೆ ಹೆಚ್ಚುಕಡಿಮೆ ಒಂದು ಬಕೆಟ್ ಸ್ನಾನದ ನೀರು ಕೊತಕೊತ ಅನ್ನುವಷ್ಟು ಬಿಸಿ. ಇಂಜಿನ್ ಸ್ವಲ್ಪ ತಡೆಯುತ್ತದೆ, ಗಾಳಿ ಸ್ವಲ್ಪ ತಡೆಯುತ್ತದೆ, ಉಳಿದದ್ದನ್ನೆಲ್ಲ ಅಂಗೈಯಗಲದ ಪ್ಯಾಡುಗಳು ನುಂಗಬೇಕು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುತ್ತೇವೆ ಅನ್ನುವ ಜಾಣರ ಗಾಡಿಯಲ್ಲಿ ಇಂಜಿನ್ನಿನ ಪಾಲೂ ಇಲ್ಲ, ಎಲ್ಲ ಪ್ಯಾಡಿನ ತಲೆಗೇ.

ಒಂದು ಸಲ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಹಳೇ ಸೆಕೆಂಡ್ ಹ್ಯಾಂಡ್ ಕಾರು, ಶ್ರಾವಣದ ಮಳೆ, ಹಿಂದಿನ ಸೀಟಿನಲ್ಲಿ ಇಬ್ಬರು ಅತ್ತೆಯಂದಿರು. ಹತ್ತನೇ ತಿರುವೋ ಹನ್ನೊಂದನೆಯದೋ, ಪೆಡಲ್ ಒತ್ತಿದರೆ ಹತ್ತಿ ದಿಂಬಿನ ಮೇಲೆ ಕಾಲಿಟ್ಟ ಹಾಗೆ ಸುಮ್ನೆ ಒಳಗೆ ಹೋಯಿತು. ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಒರಗಿಸಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಬ್ರೇಕ್ ತಾನಾಗಿಯೇ ವಾಪಸ್ ಬಂತು, ಏನೂ ಆಗಿಲ್ಲ ಅನ್ನುವ ಹಾಗೆ. ಅತ್ತೆಯಂದಿರು ಅಷ್ಟೂ ಹೊತ್ತು ವಿಷ್ಣು ಸಹಸ್ರನಾಮ ಹೇಳುತ್ತಿದ್ದರು, ಪುಣ್ಯ ಅವರಿಗೇ ಹೋಯಿತು.

ಆದದ್ದು ಇಷ್ಟು. ಪೆಡಲ್ ಒತ್ತಿದ ಬಲವನ್ನು ಪೈಪಿನ ಮೂಲಕ ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಕುಡಿಯುತ್ತದೆ. ಹೊಸ ಡಾಟ್-3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ನೀರು ಕುಡಿದ ಮೇಲೆ ಅದು 140ರ ಆಸುಪಾಸಿಗೆ ಇಳಿದುಬಿಡಬಹುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಆಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಅಮುಕುವುದರಲ್ಲೇ ಖರ್ಚು. ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ, ಬ್ರೇಕ್ ವಾಪಸ್. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮೂರಲ್ಲಿ ಬ್ರೇಕ್ ಆಯಿಲ್ ಒಂದೇ ಒಣಗಿಕೊಂಡಿರುತ್ತದಾ?

ಇದೇ ತಾಪತ್ರಯ ರೇಸಿನವರಿಗೆ ನಮಗಿಂತ ಬಹಳ ಮೊದಲೇ, ನಮಗಿಂತ ಬಹಳ ಜೋರಾಗಿ ಬಂದಿತ್ತು. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 24 ಗಂಟೆಯ ರೇಸ್. ಆ ಕಾಲದಲ್ಲಿ ಅಲ್ಲೊಂದು ಸುಮಾರು ಆರು ಕಿಲೋಮೀಟರ್ ನೇರ ರಸ್ತೆ, ಅದರ ತುದಿಗೆ ಗಕ್ಕನೆ ತಿರುವು. ಹಗಲೂ ರಾತ್ರಿ ಪ್ರತಿ ಸುತ್ತಿಗೂ ಅಲ್ಲಿ ಬ್ರೇಕ್ ತುಳಿಯಲೇಬೇಕು. ಆಗ ಇದ್ದದ್ದು ಡ್ರಮ್ ಬ್ರೇಕ್. ಡ್ರಮ್ ಅಂದರೆ ಮುಚ್ಚಳ ಹಾಕಿದ ಪಾತ್ರೆ ಇದ್ದ ಹಾಗೆ, ಬಿಸಿ ಒಳಗೇ ಕೂರುತ್ತದೆ. ಇನ್ನೊಂದು ತಮಾಷೆ ಏನೆಂದರೆ ಬಿಸಿಯಾದ ಡ್ರಮ್ ಹಿಗ್ಗುವುದು ಹೊರಕ್ಕೆ, ಒಳಗಿನಿಂದ ಅದಕ್ಕೆ ಒತ್ತಿ ಉಜ್ಜುವ ಲೈನರ್‌ನಿಂದ ದೂರಕ್ಕೆ. ಬ್ರೇಕ್ ಜಾಸ್ತಿ ಬೇಕಾದಾಗಲೇ ಅದು ಕೈಗೆ ಸಿಗದೆ ಸರಿಯುತ್ತದೆ.

1953ರಲ್ಲಿ ಜಾಗ್ವಾರ್ ಸಿ-ಟೈಪ್ ಕಾರುಗಳು ಡನ್‌ಲಪ್‌ನವರ ಡಿಸ್ಕ್ ಬ್ರೇಕ್ ಹಾಕಿಕೊಂಡು ಅಲ್ಲಿಗೆ ಬಂದವು. ಚಕ್ರದ ಜೊತೆ ತಿರುಗುವ ಬರೀ ಒಂದು ತಟ್ಟೆ, ಅದನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡು. ತಟ್ಟೆ ಗಾಳಿಗೆ ತೆರೆದುಕೊಂಡಿರುತ್ತದೆ, ಬೇಗ ತಣಿಯುತ್ತದೆ. ಬಿಸಿಯಾಗಿ ದಪ್ಪವಾದರೆ ಪ್ಯಾಡಿನ ಹತ್ತಿರಕ್ಕೇ ಬರುತ್ತದೆ. ನೀರು ಬಿದ್ದರೆ ಕೊಡವಿ ಬಿಸಾಕುತ್ತದೆ. ಬೇರೆಯವರು ಬ್ರೇಕ್ ತುಳಿದು ಎಷ್ಟೋ ಹೊತ್ತಾದ ಮೇಲೆ ಜಾಗ್ವಾರ್ ಚಾಲಕರು ತುಳಿದರೂ ಸಾಕಿತ್ತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ರೇಸಿನಲ್ಲಿ ಸರಾಸರಿ ವೇಗ ಗಂಟೆಗೆ 160 ಕಿಲೋಮೀಟರ್ ದಾಟಿದ್ದು ಅದೇ ಮೊದಲು. ಚೆನ್ನಾಗಿ ನಿಲ್ಲಲು ಬಂದದ್ದಕ್ಕೇ ಜೋರಾಗಿ ಓಡಲು ಆಯಿತು ಅನ್ನುವುದು ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ಭಾಗ. ಎರಡೇ ವರ್ಷಕ್ಕೆ, 1955ರಲ್ಲಿ, ಸಿಟ್ರನ್ ಡಿಎಸ್ ಅನ್ನುವ ಮನೆಮಂದಿಯ ಕಾರಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು. ಈಗ ತೀರ್ಥಹಳ್ಳಿ ಸಂತೆಗೆ ಬರುವ ಸಣ್ಣ ಕಾರಿನಲ್ಲೂ ಇದೆ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ, ಹಾಗಾಗಿ ಹಿಂದೆ ಅಗ್ಗದ್ದು ಸಾಕು ಅನ್ನುವ ಲೆಕ್ಕ.

ಹಾಗಂತ ರೇಸ್ ಕಾರಿನದ್ದೆಲ್ಲ ನಮಗೆ ಬೇಡ. ಎಫ್ 1 ಕಾರಿನ ಕಾರ್ಬನ್ ಬ್ರೇಕ್ ಸರಿಯಾಗಿ ಹಿಡಿಯಬೇಕಾದರೆ ಅದು ಮೊದಲು ನೂರಾರು ಡಿಗ್ರಿ ಬಿಸಿಯಾಗಬೇಕು. ಬೆಳಿಗ್ಗೆ ಹಾಲಿನ ಡೈರಿಗೆ ಹೊರಟವರ ಮುಂದೆ ಎಮ್ಮೆ ಅಡ್ಡ ಬಂದರೆ, ತಡಿ ಮಾರಾಯ್ತಿ ಬ್ರೇಕ್ ಬಿಸಿ ಮಾಡ್ಕೊಂಡು ಬರ್ತೀನಿ ಅನ್ನಲಿಕ್ಕೆ ಆಗುತ್ತದಾ?

ನಿಜಕ್ಕೂ ನಮ್ಮ ಕಾರಿನ ರಕ್ತಸಂಬಂಧಿ ಅಂದರೆ ರ‍್ಯಾಲಿ ಕಾರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆದಿವೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತು ಕೂಡ. ಅಲ್ಲಿ ಕಾರಿಗೆ ನಂಬರ್ ಪ್ಲೇಟ್ ಇರುತ್ತದೆ. ಒಂದು ಸ್ಟೇಜ್, ಅಂದರೆ ಸಮಯ ಅಳೆದು ಓಡಿಸುವ ಹಂತ, ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಮ್ಮ ನಿಮ್ಮ ಹಾಗೆ ಬಸ್ಸಿನ ಹಿಂದೆ, ಟ್ರಾಫಿಕ್ ನಿಯಮ ಪಾಲಿಸಿಕೊಂಡೇ ಹೋಗಬೇಕು. ನಮ್ಮ ಕಡೆ ಅಡಿಕೆ ಗೋಣಿ ಹೊತ್ತು ಗುಡ್ಡ ಹತ್ತುವ ಜಿಪ್ಸಿ, ಇಲ್ಲಿನ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿ.

ಈ ನಂಟನ್ನು ಗಟ್ಟಿ ಮಾಡಿದ್ದು ಒಂದು ನಿಯಮ, ಹೋಮೋಲೋಗೇಶನ್ ಅಂತ. ಅರ್ಥ ಇಷ್ಟೇ: ಜನಕ್ಕೆ ಮಾರುವ ಕಾರನ್ನೇ ರೇಸಿಗೆ ತರಬೇಕು. 1980ರ ದಶಕದ ಗ್ರೂಪ್ ಬಿ ಅನ್ನುವ ವರ್ಗದ ರ‍್ಯಾಲಿ ಕಾರಾದರೆ 200 ತಯಾರಿಸಿದರೆ ಸಾಕಿತ್ತು. ಅವು ಹೆಸರಿಗಷ್ಟೇ ರಸ್ತೆ ಕಾರು, ಒಳಗೆಲ್ಲ ರಾಕ್ಷಸ. ಸಾವುಗಳಾದವು, 1986ಕ್ಕೆ ಆ ವರ್ಗವನ್ನೇ ಮುಚ್ಚಿದರು. ಆಮೇಲೆ ಮುಂದೆ ಬಂದ ಗ್ರೂಪ್ ಎ ಕಾರಿಗೆ ಮೊದಲಿಗೆ ವರ್ಷಕ್ಕೆ 5000 ತಯಾರಿಸಬೇಕಿತ್ತು. ಇಲ್ಲಿ ಸಂಬಂಧ ತಲೆಕೆಳಗಾಯಿತು. ರೇಸಿಗೆ ಅಗಲದ ಚಕ್ರ ಬೇಕಾ? ಹಾಗಾದರೆ ಅಂಗಡಿಯಲ್ಲಿ ಮಾರುವ ಕಾರಿನ ಮಡ್‌ಗಾರ್ಡ್ ಉಬ್ಬಿಸಿ. ಲಾನ್ಸಿಯಾ ಡೆಲ್ಟಾ ಹೀಗೆ ಉಬ್ಬುತ್ತಾ ಉಬ್ಬುತ್ತಾ 1987ರಿಂದ 1992ರ ತನಕ ಸತತ ಆರು ಸಲ ತಯಾರಕರ ವಿಶ್ವ ಪ್ರಶಸ್ತಿ ಗೆದ್ದಿತು. ಆಡಿ ಕ್ವಾಟ್ರೋದ ನಾಲ್ಕೂ ಚಕ್ರ ತಿರುಗಿಸುವ ಯೋಚನೆ ಹುಟ್ಟಿದ್ದಂತೂ ರೇಸಿನಲ್ಲೇ ಅಲ್ಲ. ಹಿಮದ ಮೇಲೆ ಪರೀಕ್ಷೆ ಮಾಡುವಾಗ ಇಲ್ಟಿಸ್ ಅನ್ನುವ ಮಿಲಿಟರಿ ಜೀಪೊಂದು ತಮ್ಮ ಹೆಚ್ಚು ಶಕ್ತಿಯ ಕಾರುಗಳನ್ನೇ ಹಿಂದೆ ಹಾಕುವುದನ್ನು ಇಂಜಿನಿಯರುಗಳು ನೋಡಿದರು, ಅಲ್ಲಿಂದ ಶುರು. ಜೀಪಿನಿಂದ ಕಾರಿಗೆ, ಕಾರಿನಿಂದ ರ‍್ಯಾಲಿಗೆ, ರ‍್ಯಾಲಿಯಿಂದ ಶೋರೂಮಿನ ಜಾಹೀರಾತಿಗೆ.

ಕೆಲವು ವಿಷಯದಲ್ಲಿ ನಮ್ಮ ಕಾರೇ ಮುಂದೆ. ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ 1978ರಲ್ಲೇ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಎಫ್ 1ನಲ್ಲಿ ಅದನ್ನು 1994ರಿಂದ ನಿಷೇಧಿಸಿದ್ದಾರೆ, ಚಾಲಕನ ಕಾಲೇ ಆ ಕೆಲಸ ಮಾಡಲಿ ಅಂತ. ಪಾಚಿ ಕಟ್ಟಿದ ಕಾಂಕ್ರೀಟ್ ರಸ್ತೆಯಲ್ಲಿ ನಮ್ಮ ಮೇಷ್ಟ್ರು ಓಡಿಸುವ ಕಾರು, ವಿಶ್ವ ಚಾಂಪಿಯನ್ನಿಗೆ ಸಿಗದ ಸಹಾಯ ಪಡೆಯುತ್ತದೆ.

ಮೊನ್ನೆ ನಮ್ಮ ಅಣ್ಣನ ಮಗ ಹಳೇ ಹ್ಯಾಚ್‌ಬ್ಯಾಕಿನ ಬೆನ್ನಿಗೆ ದೊಡ್ಡ ಸ್ಪಾಯ್ಲರ್ ಕೂರಿಸಿಕೊಂಡು ಬಂದ. ರೇಸ್ ಕಾರಿನ ಹಾಗೇ ನೆಲಕ್ಕೆ ಒತ್ತುತ್ತೆ ಚಿಕ್ಕಪ್ಪ ಅಂದ. ಗಾಳಿಯ ಒತ್ತು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ ಕಣೋ, 200ರಲ್ಲಿ ಸಿಗುವುದರ 25ನೇ ಒಂದು ಪಾಲು ಮಾತ್ರ 40ರಲ್ಲಿ ಸಿಗೋದು, ಘಾಟಿಯಲ್ಲಿ 40 ದಾಟಿದರೆ ನಿಮ್ಮಪ್ಪನೇ ಒತ್ತುತ್ತಾನೆ ಅಂದೆ. ನಕ್ಕ. ಬಾನೆಟ್ ತೆಗೆಸಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿದರೆ ಒಳಗೆ ಕಷಾಯದ ಬಣ್ಣ.

"ಯಾವಾಗ ಬದಲಾಯಿಸಿದ್ದು ಇದನ್ನ?"

"ಇದನ್ನೂ ಬದಲಾಯಿಸ್ಬೇಕಾ?"