ಅಡಗಿಸಿಟ್ಟವರು ಯಾರು? ‘ಡೆರ್ ಫೆರ್ಲೋರೆನೆ’ ಚಿತ್ರದ ಮೇಲೆ ಟಿಪ್ಪಣಿ

ಮೊದಲು ಶೀರ್ಷಿಕೆಯನ್ನೇ ನೋಡೋಣ. ‘ಫೆರ್ಲೋರೆನೆ’ ಹುಟ್ಟಿದ್ದು ಜರ್ಮನ್ ಭಾಷೆಯ ‘ಫೆರ್ಲೀರೆನ್’ ಕ್ರಿಯಾಪದದಿಂದ. ಆ ಕ್ರಿಯಾಪದಕ್ಕೆ ಎರಡು ಕೆಲಸ. ಕೊಡೆಯನ್ನು ಬಸ್ಸಲ್ಲಿ ಬಿಟ್ಟು ಬಂದರೂ ಅದೇ ಪದ, ಮ್ಯಾಚ್ ಸೋತರೂ ಅದೇ ಪದ. ಕನ್ನಡದಲ್ಲಿ ‘ಕಳೆದುಹೋದವನು’ ಅಂದರೆ ಸೋಲು ಬಿಟ್ಟುಹೋಗುತ್ತದೆ, ‘ಸೋತವನು’ ಅಂದರೆ ದಾರಿ ತಪ್ಪಿದ್ದು ಬಿಟ್ಟುಹೋಗುತ್ತದೆ. ಜರ್ಮನಿ ಯುದ್ಧ ಸೋತು ಆರು ವರ್ಷವಾಗಿದ್ದಾಗ, 1951ರಲ್ಲಿ ಬಂದ ಚಿತ್ರ ಇದು. ಪೋಸ್ಟರ್ ನೋಡಿದ ಅಲ್ಲಿನ ಪ್ರೇಕ್ಷಕನಿಗೆ ಎರಡು ಅರ್ಥವೂ ಒಟ್ಟಿಗೆ ಹೊಳೆದಿರಬೇಕು.

ನಿರ್ದೇಶಕ ಪೀಟರ್ ಲೊರೆ. ಮುಖ್ಯ ಪಾತ್ರವೂ ಅವನದೇ. 1931ರ ‘ಎಂ’ ಚಿತ್ರದಲ್ಲಿ ಮಕ್ಕಳ ಕೊಲೆಗಾರನಾಗಿ ಹೆಸರು ಮಾಡಿದ ನಟ. ಯಹೂದಿಯಾಗಿದ್ದ ಲೊರೆ 1933ರಲ್ಲಿ ಜರ್ಮನಿ ಬಿಟ್ಟ, ಮುಂದೆ ಹಾಲಿವುಡ್ ಸೇರಿದ. ಯುದ್ಧ ಮುಗಿದ ಮೇಲೆ ವಾಪಸ್ ಬಂದು ಮಾಡಿದ ಚಿತ್ರ ಇದು. ಅವನು ನಿರ್ದೇಶಿಸಿದ್ದು ಇದೊಂದೇ.

ಕತೆ ಇಷ್ಟು. ಯುದ್ಧಾನಂತರದ ಒಂದು ನಿರಾಶ್ರಿತರ ಶಿಬಿರ. ಅಲ್ಲಿ ಡಾಕ್ಟರ್ ನಾಯ್‌ಮೈಸ್ಟರ್ ಎಂಬುವನು ಜನರಿಗೆ ಚುಚ್ಚುಮದ್ದು ಹಾಕಿಕೊಂಡು ತಣ್ಣಗೆ ಇದ್ದಾನೆ. ಒಂದು ದಿನ ಅವನಿಗೆ ಹೊಸ ಸಹಾಯಕ ಬರುತ್ತಾನೆ, ಹೆಸರು ನೋವಾಕ್. ಇಬ್ಬರಿಗೂ ತಕ್ಷಣ ಗುರುತು ಸಿಗುತ್ತದೆ. ನಾಯ್‌ಮೈಸ್ಟರ್‌ನ ನಿಜವಾದ ಹೆಸರು ಡಾ. ರೋಟೆ, ನೋವಾಕ್ ಅಂದರೆ ನಾಜಿ ಗುಪ್ತಪೊಲೀಸರ ಕಡೆಯ ಹೋಶ್. ಇಬ್ಬರ ಜುಟ್ಟೂ ಇಬ್ಬರ ಕೈಯಲ್ಲಿ! ಯಾರು ಯಾರನ್ನು ಹಿಡಿದುಕೊಟ್ಟರೂ ತಾನೂ ಸಿಕ್ಕಿಬೀಳುತ್ತಾನೆ. ರಾತ್ರಿ ಖಾಲಿ ಕ್ಯಾಂಟೀನಿನಲ್ಲಿ ಕೂತು ಕುಡಿಯುತ್ತಾ, ಸಿಗರೇಟಿನ ಮೇಲೆ ಸಿಗರೇಟು ಹಚ್ಚುತ್ತಾ ಮಾತಾಡುತ್ತಾರೆ. ಚಿತ್ರದ ವರ್ತಮಾನವೆಲ್ಲ ಹೆಚ್ಚುಕಡಿಮೆ ಈ ಮಾತುಕತೆಯೇ. ನಡುನಡುವೆ ಕತೆ 1943ರ ಹ್ಯಾಂಬರ್ಗ್‌ಗೆ ಹೋಗಿಬರುತ್ತದೆ.

ಅಲ್ಲಿ ರೋಟೆ ಸರ್ಕಾರಕ್ಕೆ ಬೇಕಾದ ವಿಜ್ಞಾನಿ. ಅವನ ಪ್ರಯೋಗಾಲಯದ ಗುಟ್ಟು ಶತ್ರುಗಳಿಗೆ ಸೋರುತ್ತಿದೆ, ಸೋರಿಸುತ್ತಿರುವವಳು ಅವನು ಮದುವೆಯಾಗಬೇಕಿದ್ದ ಇಂಗೆ. ಈ ಸುದ್ದಿ ಮುಟ್ಟಿಸುವವರು ಹೋಶ್ ಮತ್ತು ಅವನ ಮೇಲಧಿಕಾರಿ ವಿಂಕ್ಲರ್. ಹೋಶ್ ಅವಳ ಜೊತೆ ಮಲಗಿದ್ದ ಅನ್ನೋದೂ ಆಗಲೇ ಹೊರಬೀಳುತ್ತದೆ. ರೋಟೆ ಅವಳ ಕತ್ತು ಹಿಸುಕುತ್ತಾನೆ.

ಇಲ್ಲಿ ನಿಧಾನಿಸಿ. ಮಾಮೂಲಿ ಥ್ರಿಲ್ಲರ್‌ನಲ್ಲಾದರೆ ಕೊಲೆಗಾರ ಸಾಕ್ಷಿ ಅಳಿಸುತ್ತಾನೆ, ಪೊಲೀಸರು ಹುಡುಕುತ್ತಾರೆ. ಈ ಚಿತ್ರದಲ್ಲಿ ಸಾಕ್ಷಿ ಅಳಿಸುವುದು ಸರ್ಕಾರವೇ. ವಿಜ್ಞಾನಿ ಜೈಲಿಗೆ ಹೋದರೆ ಕೆಲಸ ನಿಲ್ಲುತ್ತದಲ್ಲ? ಕೊಲೆಯನ್ನು ಆತ್ಮಹತ್ಯೆ ಎಂದು ಬರೆದು ಮುಗಿಸುತ್ತಾರೆ. ‘ನಾಳೆಯಿಂದ ಕೆಲಸಕ್ಕೆ ಬಾ’ ಅಂದ ಹಾಗೆ! ಶಿಕ್ಷೆ ಬೇಕಾದವನಿಗೆ ಶಿಕ್ಷೆ ಕೊಡುವವರೇ ಇಲ್ಲ. ‘ಎಂ’ ಚಿತ್ರದಲ್ಲಿ ಇಡೀ ಊರೇ ಕೊಲೆಗಾರನ ಬೆನ್ನು ಹತ್ತಿತ್ತು. ಇಲ್ಲಿ ಒಬ್ಬನೂ ಹತ್ತುವುದಿಲ್ಲ. ರೋಟೆಯೊಳಗಿನ ಭಯ ಸಿಕ್ಕಿಬೀಳುವ ಭಯ ಅಂದರೆ ಅರ್ಧ ಮಾತ್ರ ಸರಿ. ತನ್ನನ್ನು ಯಾರೂ ತಡೆಯುತ್ತಿಲ್ಲವಲ್ಲ ಅನ್ನೋದು ಅವನ ದೊಡ್ಡ ಭಯ. ಅದು ಸುಳ್ಳೂ ಆಗುವುದಿಲ್ಲ. ವೈಮಾನಿಕ ದಾಳಿಯ ಒಂದು ರಾತ್ರಿ ರೈಲಿನಲ್ಲಿ ಇನ್ನೊಬ್ಬ ಹೆಂಗಸನ್ನೂ ಕೊಲ್ಲುತ್ತಾನೆ.

ಆ ನಡುವೆ ಒಂದು ದೃಶ್ಯವಿದೆ. ಒಬ್ಬ ವೇಶ್ಯೆ ಅವನ ಕಣ್ಣು ನೋಡಿದವಳೇ ಬೆಚ್ಚಿ ‘ಟೋಟ್‌ಮಾಖರ್!’ ಎಂದು ಕೂಗುತ್ತಾಳೆ. ಕೊಲೆಗಾರನಿಗೆ ಜರ್ಮನ್‌ನಲ್ಲಿ ‘ಮೋರ್ಡರ್’ ಅನ್ನುವ ಪದವಿದೆ, ಪೊಲೀಸು, ಕೋರ್ಟು, ಪತ್ರಿಕೆ ಬಳಸುವ ಪದ. ‘ಟೋಟ್’ ಅಂದರೆ ಸತ್ತ, ‘ಮಾಖರ್’ ಅಂದರೆ ಮಾಡುವವನು. ನಮ್ಮ ‘ಸಾಯ್ಸೋನು’ ಅನ್ನುವ ಹಾಗೆ. ಕಡತಗಳು ಮುಚ್ಚಿಟ್ಟದ್ದನ್ನು ಬೀದಿಯ ಹೆಣ್ಣು ಬೀದಿಯ ಪದದಲ್ಲೇ ಹೇಳಿಬಿಡುತ್ತಾಳೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಗಟ್ಟಿ ಕ್ಷಣ ಇದೇ.

ಹೆಸರುಗಳನ್ನೂ ಗಮನಿಸಿ. ‘ನಾಯ್’ ಅಂದರೆ ಹೊಸ. ‘ನೋವಾಕ್’ ಸ್ಲಾವಿಕ್ ಮೂಲದ ಹೆಸರು, ಅಲ್ಲೂ ‘ಹೊಸಬ’ ಅನ್ನುವುದೇ ಅರ್ಥ. ಇಬ್ಬರೂ ಸುಳ್ಳು ಹೆಸರಿನಲ್ಲಿ ಹೊಸಬರು! ಬೇಕಂತಲೇ ಇಟ್ಟದ್ದು ಅಂತ ನನ್ನ ಊಹೆ. ಯುದ್ಧದ ನಂತರ ಹಳೆಯ ನಾಜಿಗಳಿಗೆ ‘ಇವನು ಒಳ್ಳೆಯವನು’ ಎಂದು ಪರಿಚಯದವರು ಬರೆದುಕೊಡುತ್ತಿದ್ದ ಚೀಟಿಗೆ ಜನ ‘ಪೆರ್ಸಿಲ್‌ಶೈನ್’ ಅನ್ನುತ್ತಿದ್ದರು. ಪೆರ್ಸಿಲ್ ಅಂದರೆ ಅಲ್ಲಿನ ಬಟ್ಟೆ ಒಗೆಯುವ ಪುಡಿ. ಹಳೆಯ ಕಲೆ ತೊಳೆದು ಹೊಸಬರಾಗುವ ಚೀಟಿ ಅಂದ ಹಾಗೆ.

ಇದೆಲ್ಲ ಸಿನಿಮಾದವರ ಕಲ್ಪನೆ ಅನ್ನಿಸಿದರೆ ವೆರ್ನರ್ ಹೈಡೆಯ ಕತೆ ಓದಿ. ನಾಜಿಗಳ ‘ಟಿ4’ ಯೋಜನೆಯಲ್ಲಿ 70 ಸಾವಿರಕ್ಕೂ ಹೆಚ್ಚು ರೋಗಿಗಳನ್ನು, ಅಂಗವಿಕಲರನ್ನು ಅನಿಲದಿಂದ ಕೊಂದರು. ಅದರ ವೈದ್ಯಕೀಯ ಮುಖ್ಯಸ್ಥನಾಗಿದ್ದ ಮನೋವೈದ್ಯ ಇವನು. 1947ರಲ್ಲಿ ಬಂಧನದಿಂದ ತಪ್ಪಿಸಿಕೊಂಡು ಫ್ಲೆನ್ಸ್‌ಬುರ್ಗ್ ಸೇರಿದ, ‘ಡಾ. ಫ್ರಿಟ್ಸ್ ಸಾವಾಡೆ’ ಎಂಬ ಹೆಸರಿನಲ್ಲಿ ಮತ್ತೆ ಡಾಕ್ಟರಾದ, ಕೋರ್ಟುಗಳಿಗೆ ತಜ್ಞ ವರದಿ ಬರೆದುಕೊಟ್ಟ. ಅವನು ಯಾರೆಂದು ಅಲ್ಲಿನ ಹಲವು ವೈದ್ಯರಿಗೆ, ಅಧಿಕಾರಿಗಳಿಗೆ ಗೊತ್ತಿತ್ತು. ಸುಮ್ನೆ ಇದ್ದರು. ಗುಟ್ಟು ಬಯಲಾದದ್ದು 1959ರಲ್ಲಿ. 1964ರ ಫೆಬ್ರವರಿಯಲ್ಲಿ, ವಿಚಾರಣೆ ಶುರುವಾಗಲು ಕೆಲವೇ ದಿನ ಇದ್ದಾಗ ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ಲೊರೆಯ ಚಿತ್ರ ತೆರೆಗೆ ಬಂದಾಗ ಈ ‘ಸಾವಾಡೆ’ ಆರಾಮಾಗಿ ಕೆಲಸ ಮಾಡುತ್ತಿದ್ದ.

ಚಿತ್ರ ಓಡಲಿಲ್ಲ. ಆಗ ಜನರಿಗೆ ಬೇಕಿದ್ದದ್ದು ಹಸಿರು ಬೆಟ್ಟ, ಹಳ್ಳಿ ಹಾಡು ತುಂಬಿದ ‘ಹೈಮಾಟ್‌ಫಿಲ್ಮ್’ಗಳು. ಲೊರೆ ಅಮೆರಿಕಕ್ಕೆ ಮರಳಿದ. ಚಿತ್ರದಲ್ಲಿ ಕೊರತೆ ಇಲ್ಲ ಅಂತಲ್ಲ. ಕತೆಯಲ್ಲಿ ಹಿಟ್ಲರ್ ವಿರುದ್ಧದ ಒಂದು ಸಂಚೂ ಬರುತ್ತದೆ, ಆ ಭಾಗ ಎಲ್ಲಿಂದಲೋ ತಂದು ಅಂಟಿಸಿದ ಹಾಗಿದೆ. ಮೊದಲ ಸಲ ನೋಡಿದಾಗ ಆ ಭಾಗದಲ್ಲಿ ನನಗೆ ಎಳೆಯೇ ತಪ್ಪಿಹೋಗಿತ್ತು. ನಿಮಗೂ ಹಾಗಾದರೆ ಅಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳದೆ ಕ್ಯಾಂಟೀನಿಗೆ ವಾಪಸ್ ಬನ್ನಿ.

ಕೊನೆಗೆ ರೋಟೆ ಹೋಶ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಆಮೇಲೆ ರೈಲು ಹಳಿಯ ಕಡೆ ನಡೆಯುತ್ತಾನೆ. ಬರುವ ರೈಲಿಗೆ ಬೆನ್ನು ಮಾಡಿ ನಿಂತು, ಒಂದು ಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಾನೆ. ಎರಡನೇ ಸಲ ನೋಡುವಾಗ ಮೊದಲಿನಿಂದಲೂ ಆ ಕೈಗಳ ಮೇಲೇ ಕಣ್ಣಿಡಿ: ಚುಚ್ಚುಮದ್ದು ಹಾಕುವಾಗ, ಸಿಗರೇಟು ಹಚ್ಚುವಾಗ, ಇಂಗೆಯ ಕೊರಳ ಹತ್ತಿರ ಹೋಗುವಾಗ.