ಶ್ವಾಸಕೋಶದ ತಳದಲ್ಲಿ ಹಕ್ಕಿಜ್ವರ

2021ರ ಜನವರಿ. ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಬಾತುಕೋಳಿಗಳು ಹಕ್ಕಿಜ್ವರದಿಂದ ಸಾಯುತ್ತಿರುವ ಸುದ್ದಿ ಬಂದದ್ದೇ, ಉಡುಪಿಯಲ್ಲಿ ನಾವು ಕೋಳಿ ತರುವ ಅಂಗಡಿ ಬಿಕೋ ಎನ್ನತೊಡಗಿತು. ಅಂಗಡಿಯ ಅಣ್ಣ ಕತ್ತಿ ಒರೆಸುತ್ತ ಕೇಳಿದರು: "ಅಲ್ಲ ಮಾಸ್ಟ್ರೇ, ಇಪ್ಪತ್ತು ವರ್ಷದಿಂದ ದಿನಾ ಕೋಳಿ ಕೊಯ್ಯುವುದು ನಾನು. ಈ ಜ್ವರ ಮನುಷ್ಯರಿಗೆ ಬರುವುದೇ ಆದರೆ ಮೊದಲು ನನಗೇ ಬರಬೇಕಿತ್ತಲ್ಲ?"

ಚೆನ್ನಾಗಿ ಬೇಯಿಸಿ ತಿಂದರೆ ಏನೂ ಆಗುವುದಿಲ್ಲ ಎಂದು ಹೇಳಿ ಬಂದೆ. ಮಾತು ಸರಿಯೇ. ಆದರೆ ಅವರು ಕೇಳಿದ್ದು ತಿನ್ನುವವರ ಬಗ್ಗೆ ಅಲ್ಲ, ಕೊಯ್ಯುವವರ ಬಗ್ಗೆ. ಅವರ ಪ್ರಶ್ನೆಗೆ ಉತ್ತರ ಇರುವುದು ನಮ್ಮ ಶ್ವಾಸಕೋಶದ ಜೀವಕೋಶಗಳಲ್ಲಿ.

ಆಗ ಕೇರಳದಲ್ಲಿದ್ದದ್ದು ಎಚ್5ಎನ್8 ತಳಿ. ಮನುಷ್ಯರನ್ನು ಹೆಚ್ಚು ಕಾಡಿದ್ದು ಅದರ ದಾಯಾದಿ ಎಚ್5ಎನ್1. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದು ಮೊದಲ ಬಾರಿ ಮನುಷ್ಯರಿಗೆ ತಗಲಿದಾಗ ಕಾಯಿಲೆ ಬಿದ್ದವರು 18 ಮಂದಿ, ತೀರಿಕೊಂಡವರು 6 ಮಂದಿ. ಅಲ್ಲಿಂದ ಈಚೆಗೆ ಜಗತ್ತಿನಲ್ಲಿ ದಾಖಲಾದ ಪ್ರಕರಣಗಳು ಒಂದು ಸಾವಿರದ ಆಸುಪಾಸು; ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಅಂದರೆ ತಗಲುವುದು ಬಹಳ ಅಪರೂಪ, ತಗಲಿದರೆ ಬಹಳ ಭಯಂಕರ. ಈ ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ.

ಮಲ್ಪೆಯಲ್ಲಿ ಬೋಟು ಕಟ್ಟುವ ಧಕ್ಕೆಯನ್ನು ನೆನಪಿಸಿಕೊಳ್ಳಿ. ಬೋಟು ಎಷ್ಟೇ ದೊಡ್ಡದಿರಲಿ, ಹಗ್ಗ ಕಟ್ಟಲು ಗೂಟ ಸಿಗದಿದ್ದರೆ ದಡದಲ್ಲಿ ನಿಲ್ಲಲಾರದು. ಫ್ಲೂ ವೈರಸ್ಸಿಗೂ ಗೂಟ ಬೇಕು. ಜೀವಕೋಶದ ಮೈಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯೇ ಆ ಗೂಟ. ಈ ಸಕ್ಕರೆ ಪಕ್ಕದ ಸಕ್ಕರೆಗೆ ಅಂಟಿಕೊಳ್ಳುವುದರಲ್ಲಿ ಎರಡು ಬಗೆ: ಆಲ್ಫಾ 2-3 ಮತ್ತು ಆಲ್ಫಾ 2-6. ಹಕ್ಕಿಗಳ ವೈರಸ್ಸಿನ ಹಗ್ಗ ಮೊದಲನೆಯದಕ್ಕೆ ಹೊಂದುತ್ತದೆ, ನಮ್ಮ ಮಾಮೂಲಿ ಫ್ಲೂ ವೈರಸ್ಸಿನದು ಎರಡನೆಯದಕ್ಕೆ. ನಮ್ಮ ಮೂಗು, ಗಂಟಲು, ಶ್ವಾಸನಾಳದಲ್ಲಿ ಹೆಚ್ಚಾಗಿ ಇರುವುದು ಎರಡನೆಯ ಬಗೆಯ ಗೂಟ. ಹಕ್ಕಿ ವೈರಸ್ಸಿಗೆ ಬೇಕಾದ ಗೂಟ ಇರುವುದು ತೀರಾ ಕೆಳಗೆ, ಕಿರುನಾಳಗಳ ತುದಿಯಲ್ಲಿ ಮತ್ತು ಗಾಳಿಗೂಡುಗಳಲ್ಲಿ. ಇದು ಸ್ಪಷ್ಟವಾದದ್ದು 2006ರಲ್ಲಿ. ಇನ್ನೂ ಒಂದು ಸೊಗಸು ಇದೆ: ದಾರಿಯುದ್ದಕ್ಕೂ ಇರುವ ಲೋಳೆಯಲ್ಲಿ ಆಲ್ಫಾ 2-3 ಸಕ್ಕರೆ ಧಾರಾಳವಾಗಿದೆ. ಅವು ಬರೀ ಸುಳ್ಳು ಗೂಟಗಳು. ವೈರಸ್ ಅದಕ್ಕೆ ಹಗ್ಗ ಕಟ್ಟಿಕೊಂಡು, ಲೋಳೆಯ ಜೊತೆಗೇ ಮೇಲಕ್ಕೆ ತಳ್ಳಿಸಿಕೊಂಡು ಹೋಗುತ್ತದೆ.

ಅಣ್ಣನ ಇಪ್ಪತ್ತು ವರ್ಷಗಳಲ್ಲಿ ಕಾಯಿಲೆಬಿದ್ದ ಕೋಳಿ ಅವರ ಕೈಗೆ ಬಂದೇ ಇರಲಿಕ್ಕಿಲ್ಲ. ಬಂದಿದ್ದರೂ ಅಷ್ಟಿಷ್ಟು ವೈರಸ್ ಗಂಟಲಿನಿಂದ ಕೆಳಗಿಳಿಯುವುದು ಸುಲಭವಲ್ಲ. ರೋಗಿ ಕೆಮ್ಮಿದಾಗ ಪಕ್ಕದವರಿಗೆ ಹರಡದಿರುವುದಕ್ಕೂ ಇದೇ ಒಂದು ಮುಖ್ಯ ಕಾರಣ: ವೈರಸ್ ಬೆಳೆಯುವುದು ಬಾವಿಯ ತಳದಲ್ಲಿ, ಕಟ್ಟೆಯ ಬಳಿ ಅಲ್ಲ.

ಆದರೆ ಆ ತಳವನ್ನು ಒಮ್ಮೆ ಮುಟ್ಟಿತೆಂದರೆ ಕಥೆ ಬೇರೆ. ನಮ್ಮೊಳಗೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅಲ್ಲಿ ಉಸಿರಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಗೋಡೆಯ ಬಹುಪಾಲು ಹರಡಿರುವುದು ಒಂದನೇ ಮಾದರಿಯ ಜೀವಕೋಶಗಳು. ಮೂಲೆಯಲ್ಲಿ ಕುಳಿತ ಎರಡನೇ ಮಾದರಿಯವು ಮನೆಯ ಹಿರಿಯರಿದ್ದಂತೆ. ಗಾಳಿಗೂಡು ಮುದುಡಿಕೊಳ್ಳದಂತೆ ಜಾರುವ ದ್ರವವನ್ನು ಸುರಿಸುವವು, ಒಂದನೇ ಮಾದರಿಯವು ಸತ್ತರೆ ಹೊಸತನ್ನು ಹುಟ್ಟಿಸುವವು ಅವೇ. ಎಚ್5ಎನ್1 ಹಗ್ಗ ಕಟ್ಟುವುದು ಮುಖ್ಯವಾಗಿ ಇವುಗಳಿಗೆ. ರಿಪೇರಿ ಮಾಡುವವನೇ ಮೊದಲು ಹಾಸಿಗೆ ಹಿಡಿದ ಹಾಗೆ.

ಜೀವಕೋಶ ಸುಮ್ಮನೆ ಕೂರುವುದಿಲ್ಲ. ಒಳನುಗ್ಗಿದ ವೈರಸ್ ತನ್ನ ಎಂಟು ಆರ್‌ಎನ್‌ಎ ತುಂಡುಗಳನ್ನು ನಕಲು ಮಾಡಲು ಹೊರಟಾಗ, ಆ ಆರ್‌ಎನ್‌ಎಯ ತುದಿಯಲ್ಲಿರುವ ಮೂರು ಫಾಸ್ಫೇಟುಗಳ ಗುರುತನ್ನು ರಿಗ್-ಐ ಎಂಬ ಪ್ರೋಟೀನ್ ಹಿಡಿದುಬಿಡುತ್ತದೆ. ನಮ್ಮ ಜೀವಕೋಶದಲ್ಲಿ ಓಡಾಡುವ ಆರ್‌ಎನ್‌ಎಗೆ ಆ ತುದಿ ಹಾಗೆ ಬೋಳಾಗಿ ಇರುವುದಿಲ್ಲ. ಸುದ್ದಿ ಮೈಟೊಕಾಂಡ್ರಿಯಾಗೆ ಹೋಗಿ, ಅಲ್ಲಿಂದ ಕೋಶಕೇಂದ್ರಕ್ಕೆ ಮುಟ್ಟಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಹೊರಬರುತ್ತದೆ. ಅದನ್ನು ಸುರಿಸಿದ ಜೀವಕೋಶ ಉಳಿಯದೆಯೂ ಇರಬಹುದು, ಆದರೆ ಅಕ್ಕಪಕ್ಕದವು ಎಚ್ಚೆತ್ತು ನೂರಾರು ಜೀನ್‌ಗಳನ್ನು ಚಾಲೂ ಮಾಡಿ ಬಾಗಿಲು ಭದ್ರಪಡಿಸಿಕೊಳ್ಳುತ್ತವೆ.

ಇಂಟರ್‌ಫೆರಾನ್ ಸಿಕ್ಕ ಬಗೆ ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅದನ್ನು ಕಂಡುಕೊಂಡದ್ದು ಕೋಳಿಮೊಟ್ಟೆಯೊಳಗಿನ ಪೊರೆಯಲ್ಲಿ, ಅದೂ ಫ್ಲೂ ವೈರಸ್ ಬಳಸಿ. ಬಿಸಿ ಮಾಡಿ ಕೊಂದ ವೈರಸ್ಸನ್ನು ಪೊರೆಗೆ ತಾಗಿಸಿದರು. ಆಮೇಲೆ ಬದುಕಿರುವ ವೈರಸ್ ಹಾಕಿದರೆ ಅದು ಬೆಳೆಯಲಿಲ್ಲ. ಹಕ್ಕಿಜ್ವರದ ಎದುರು ನಮ್ಮನ್ನು ಕಾಯುವ ಮೊದಲ ಆಯುಧದ ಗುಟ್ಟನ್ನು ಹೇಳಿಕೊಟ್ಟದ್ದು ಕೋಳಿಯೇ! 2023ರಲ್ಲಿ ಗ್ಲಾಸ್ಗೋ ವಿಜ್ಞಾನಿಗಳು ಇನ್ನೊಂದು ವಿಷಯ ತಿಳಿಸಿದರು: ಬಿಟಿಎನ್3ಎ3 ಎಂಬ ನಮ್ಮ ಜೀನ್ ಬಹುತೇಕ ಹಕ್ಕಿ ಫ್ಲೂಗಳನ್ನು ಜೀವಕೋಶದೊಳಗೇ ತಡೆಯುತ್ತದೆ, ಮನುಷ್ಯರಲ್ಲಿ ಪಳಗಿದ ಫ್ಲೂವನ್ನು ತಡೆಯುವುದಿಲ್ಲ. ಗೂಟದ ಅಡ್ಡಿಯನ್ನು ದಾಟಿ ಬಂದರೂ ಒಳಗೆ ಮತ್ತೊಬ್ಬ ಕಾವಲುಗಾರ ಇದ್ದಾನೆಂದಾಯಿತು.

ವೈರಸ್ಸಿನ ಬಳಿಯೂ ಪ್ರತ್ಯುತ್ತರವಿದೆ. ಎನ್ಎಸ್1 ಎಂಬ ಅದರ ಪ್ರೋಟೀನ್ ರಿಗ್-ಐ ಕೂಗಿದ ಕೂಗನ್ನು ಅಡಗಿಸುತ್ತದೆ. ಕೂಗು ತಡವಾಗುವಷ್ಟರಲ್ಲಿ ವೈರಸ್ ಹೆಚ್ಚಿರುತ್ತದೆ. ಆಮೇಲೆ ಎದ್ದ ಎಚ್ಚರಿಕೆಗೆ ಅಳತೆ ಇರುವುದಿಲ್ಲ. 2005ರಲ್ಲಿ ಹಾಂಗ್‌ಕಾಂಗ್ ಸಂಶೋಧಕರು ಮನುಷ್ಯರ ಶ್ವಾಸಕೋಶದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಎಚ್5ಎನ್1 ತಗಲಿಸಿದಾಗ, ಮಾಮೂಲಿ ಎಚ್1ಎನ್1 ತಗಲಿದವುಗಳಿಗಿಂತ ಅವು ಐಪಿ-10ರಂಥ ಉರಿಯೂತದ ಸಂಕೇತಗಳನ್ನು ಬಹಳ ಹೆಚ್ಚು ಸುರಿಸಿದವು. ಆ ಕರೆಗೆ ಓಗೊಟ್ಟು ರಕ್ತದಿಂದ ಬಿಳಿ ರಕ್ತಕಣಗಳು ನುಗ್ಗುತ್ತವೆ, ತೆಳು ಗೋಡೆ ಸೋರುತ್ತದೆ. ಗಾಳಿಗೂಡಿಗೆ ಇಳಿದ ನೀರನ್ನು ಹೊರಹಾಕುವ ಸೋಡಿಯಂ ಪಂಪುಗಳೂ ಇದೇ ಹೊತ್ತಿಗೆ ಸೋಲುತ್ತವೆ. ಆಟಿ ತಿಂಗಳ ಮಳೆಗೆ ಬೈಲುಗದ್ದೆಯ ತೋಡು ಕಟ್ಟಿಕೊಂಡರೆ ಏನಾಗುತ್ತದೆ ಎಂದು ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಗಾಳಿ ಇರಬೇಕಾದ ಕಡೆ ನೀರು ನಿಲ್ಲುತ್ತದೆ, ರೋಗಿಗೆ ಉಸಿರು ಸಾಲದಾಗುತ್ತದೆ.

ಇಂಥ ಸಂಕೇತಗಳಿಗೆ ಸೈಟೊಕೈನ್ ಎಂದು ಹೆಸರು. ಇದನ್ನು 'ಸೈಟೊಕೈನ್ ಬಿರುಗಾಳಿ' ಎಂದು ಕರೆದು, ನಮ್ಮ ದೇಹವೇ ನಮ್ಮನ್ನು ಕೊಂದಿತು ಎಂದು ಹೇಳಿ ಮುಗಿಸುವ ರೂಢಿ ಇದೆ. ನನಗದು ಅರ್ಧ ಸತ್ಯ ಅನಿಸುತ್ತದೆ. ವಿಯೆಟ್ನಾಂನ ರೋಗಿಗಳ ಮೇಲೆ 2006ರಲ್ಲಿ ಬಂದ ಅಧ್ಯಯನದಲ್ಲಿ, ತೀರಿಕೊಂಡವರಲ್ಲಿ ಸೈಟೊಕೈನ್ ಮಾತ್ರವಲ್ಲ, ಗಂಟಲಿನ ವೈರಸ್ ಪ್ರಮಾಣವೂ ಹೆಚ್ಚಿತ್ತು. ಬೆಂಕಿ ದೊಡ್ಡದಾದ್ದರಿಂದಲೇ ಗದ್ದಲವೂ ದೊಡ್ಡದಾಯಿತು. ಅದಕ್ಕೇ ವೈದ್ಯರು ಒಸೆಲ್ಟಾಮಿವಿರ್ ಮಾತ್ರೆಯನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ದಿನದೊಳಗೆ ಶುರುಮಾಡಬೇಕೆನ್ನುವುದು. ಹೊಸ ವೈರಸ್ ಹೊರಡುವಾಗ ತನ್ನ ಹಗ್ಗ ಕತ್ತರಿಸಿಕೊಳ್ಳುವ ಕತ್ತರಿಯನ್ನು ಆ ಮಾತ್ರೆ ಮೊಂಡುಮಾಡುತ್ತದೆ. ವೈರಸ್ ಹುಟ್ಟಿದಲ್ಲೇ ಸಿಕ್ಕಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಎಚ್5ಎನ್1ರ ಮೊದಲ ಸಾವು ವರದಿಯಾದದ್ದು 2021ರ ಜುಲೈಯಲ್ಲಿ, ಹರಿಯಾಣದ 11 ವರ್ಷದ ಹುಡುಗನದ್ದು. 2024ರಿಂದ ಅಮೆರಿಕದಲ್ಲಿ ಅದು ಹಾಲು ಕರೆಯುವ ದನಗಳಿಗೂ ಬಂದಿದೆ. ಅಲ್ಲಿನ ಕೊಟ್ಟಿಗೆಯ ಕೆಲಸಗಾರರಿಗೆ ಹೆಚ್ಚಾಗಿ ಆದದ್ದು ಕಣ್ಣು ಕೆಂಪಾಗುವ ಸೌಮ್ಯ ಕಾಯಿಲೆ, ಏಕೆಂದರೆ ನಮ್ಮ ಕಣ್ಣಿನಲ್ಲೂ ಆಲ್ಫಾ 2-3 ಗೂಟಗಳಿವೆ. ನನ್ನನ್ನು ಕಾಡುವ ಸುದ್ದಿ ಬೇರೆ: ಆ ದನದ ವೈರಸ್ಸಿನ ಹಗ್ಗದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಅದು ಮನುಷ್ಯರ ಗೂಟಕ್ಕೆ ಹೊಂದಿಕೊಳ್ಳಬಲ್ಲದು ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಯೋಗಾಲಯದಲ್ಲಿ ಕಂಡಿತು. ಅಷ್ಟರಿಂದಲೇ ಅದು ಜನರ ನಡುವೆ ಹರಡಿಬಿಡುವುದಿಲ್ಲ, ಬೇರೆ ಬದಲಾವಣೆಗಳೂ ಬೇಕು. ಆದರೂ ಒಂದು ಬೇಲಿ ನಾವಂದುಕೊಂಡಷ್ಟು ಎತ್ತರವಿರಲಿಲ್ಲ.

ಮೊನ್ನೆ ಇದಿಷ್ಟನ್ನೂ ಅಂಗಡಿಯ ಅಣ್ಣನಿಗೆ ಹೇಳಿದೆ. ಗಿರಾಕಿಗಳ ನಡುವೆ, ತುಂಡುತುಂಡಾಗಿ. ಪೂರ್ತಿ ಕೇಳಿಸಿಕೊಂಡರು. "ಹಾಗಾದರೆ ಕೊಯ್ಯುವಾಗಿನದ್ದು ಅಲ್ಲ, ಒಳಗೆ ಎಳೆದುಕೊಳ್ಳುವುದೇ ದೊಡ್ಡದು ಅಲ್ವಾ?" ಎಂದರು. ಎರಡೂ ಹೌದು, ಪುಕ್ಕ ಬಿಡಿಸುವಾಗ ಏಳುವ ಹನಿ, ಧೂಳು ಹೆಚ್ಚು ಕೆಟ್ಟದ್ದು ಎಂದೆ. ಅವರು ಪುಕ್ಕ ತೆಗೆಯುವ ಡ್ರಮ್ಮಿನತ್ತ ನೋಡಿದರು. ಅದಕ್ಕೆ ಮುಚ್ಚಳ ಇರಲಿಲ್ಲ. "ನಾಳೆ ವೆಲ್ಡಿಂಗಿನವರಿಗೆ ಹೇಳ್ತೇನೆ" ಎಂದು ಮುಂದಿನ ಗಿರಾಕಿಗೆ ತೂಕ ಹಾಕತೊಡಗಿದರು.